ಬಾಲವನದಿಂದ 20 ವಾರಗಳ ಇಂಟರ್ನ್‌ಶಿಪ್‌ವರೆಗೆ

ಟೀಚರ್ ಆಗುವವರು ಎಲ್ಲಿ ಕಲಿಯಬೇಕು? ಕಾಲೇಜಿನ ಒಳಗೋ, ಊರಿನ ಶಾಲೆಯಲ್ಲೋ? ನಮ್ಮ ಪುತ್ತೂರಿಗೆ ಇದು ಹಳೇ ಪ್ರಶ್ನೆ.

1930ರ ದಶಕದಲ್ಲೇ ಶಿವರಾಮ ಕಾರಂತರು ಪರ್ಲಡ್ಕದ ಬಾಲವನದಲ್ಲಿ ಆಟ, ನಾಟಕ, ಕುಣಿತದ ಮೂಲಕ ಮಕ್ಕಳಿಗೆ ಕಲಿಸುವ ಪ್ರಯೋಗ ಮಾಡಿದರು. ಅವರು ಗಾಂಧೀಜಿಯ ಕರೆಗೆ ಓಗೊಟ್ಟು ಕಾಲೇಜನ್ನೇ ಬಿಟ್ಟವರು. ಮಕ್ಕಳ ಜೊತೆ ಬೆರೆತೇ ಕಲಿಸುವುದನ್ನು ಕಲಿತರು.

ಸರಕಾರಿ ನಿಯಮ ಅತ್ತ ತಿರುಗಲು ತುಂಬಾ ವರ್ಷ ಬೇಕಾಯಿತು. ಬಿ.ಎಡ್. ಒಂದೇ ವರ್ಷದ ಕೋರ್ಸ್ ಆಗಿದ್ದಾಗ ಶಾಲೆಯಲ್ಲಿ ಪಾಠ ಮಾಡಿ ಪಳಗಲು ಸಮಯ ಕಡಿಮೆ ಇತ್ತು. 2014ರಲ್ಲಿ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು ನಿಯಮ ಬದಲಿಸಿತು. ಕೋರ್ಸ್ 2 ವರ್ಷವಾಯಿತು. ಶಾಲೆಯಲ್ಲಿ 20 ವಾರಗಳ ಇಂಟರ್ನ್‌ಶಿಪ್ ಕಡ್ಡಾಯವಾಯಿತು: ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ.

ಆದರೆ ಆ 20 ವಾರವೂ ಪೇಟೆಯ ಶಾಲೆಯಲ್ಲೇ ಕಳೆದರೆ? ಸುಳ್ಯ, ಕಡಬದ ಹಳ್ಳಿ ಮಕ್ಕಳು ಮನೆಯಲ್ಲಿ ಆಡುವುದು ತುಳು, ಅರೆಭಾಷೆ, ಬ್ಯಾರಿ, ಮಲಯಾಳ. ಪಾಠ ಮಾತ್ರ ಕನ್ನಡದಲ್ಲಿ. ಜೋರು ಮಳೆಯ ದಿನ ಹುಡುಗ ಯಾಕೆ ಬರಲಿಲ್ಲ ಎಂಬುದಕ್ಕೆ ಉತ್ತರ ಹಾಜರಿ ಪುಸ್ತಕದಲ್ಲಿಲ್ಲ, ಹೊಳೆಯ ಕಾಲುಸಂಕದಲ್ಲಿದೆ.

ನಿಮ್ಮೂರ ಶಾಲೆಗೆ ಇಂಟರ್ನ್‌ಶಿಪ್‌ಗೆ ಯಾರಾದರೂ ಬಂದರೆ ಒಮ್ಮೆ ಮನೆಗೂ ಕರೆಯಿರಿ. ಅದೂ ಅವರಿಗೆ ಪಾಠವೇ.