ಸರ್ಫ್ ಹಲಗೆಯ ಅಂಚುಗೆರೆ

ಇತಿಹಾಸವೆಂದರೆ ರಾಜರ ವಂಶಾವಳಿ ಮತ್ತು ಯುದ್ಧಗಳ ಇಸವಿ ಮಾತ್ರವಲ್ಲ, ಒಂದು ಉಪಕರಣದ ಆಕಾರವೂ ದಾಖಲೆಯೇ ಎಂದು ತರಗತಿಯಲ್ಲಿ ನಾನು ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ನಮ್ಮ ಮೂಲ್ಕಿ, ಸಸಿಹಿತ್ಲುಗಳ ಕಡಲತೀರದಲ್ಲಿ ಇಂದು ಹುಡುಗರು ಅಲೆಯ ಮೇಲೆ ನಿಂತು ಸಾಗುವ ಸರ್ಫ್ ಹಲಗೆಯನ್ನೇ ತೆಗೆದುಕೊಳ್ಳಿ. ಅದರ ಅಂಚಿನ ಆ ವಕ್ರರೇಖೆಗೆ ಶತಮಾನಗಳ ಚರಿತ್ರೆಯಿದೆ.

ಮೂಲಸ್ಥಾನ ಹವಾಯಿ ದ್ವೀಪಗಳು. 1779ರಲ್ಲಿ ಕ್ಯಾಪ್ಟನ್ ಕುಕ್ ಹತನಾದ ಮೇಲೆ ಆ ಯಾತ್ರೆಯ ವೃತ್ತಾಂತವನ್ನು ಮುಂದುವರಿಸಿದ ಜೇಮ್ಸ್ ಕಿಂಗ್, ಹಲಗೆಯ ಮೇಲೆ ಮಲಗಿ ಭಯಂಕರ ಅಲೆಗಳನ್ನು ಏರುವ ಅಲ್ಲಿನ ಜನರನ್ನು ಬೆರಗಿನಿಂದ ವರ್ಣಿಸಿದ್ದಾನೆ. ಅವರಲ್ಲಿ ಹಲಗೆಗಳು ಒಂದೇ ಬಗೆಯವಾಗಿರಲಿಲ್ಲ. ತೆಳುವಾದ, ದುಂಡು ಮೂತಿಯ 'ಅಲಾಯಾ' ಎಲ್ಲರದು; ಉದ್ದವಾದ, ದಪ್ಪನೆಯ 'ಓಲೋ' ಒಡೆಯರದು. ಅಂಚುಗೆರೆಯನ್ನು ನೋಡಿದೊಡನೆ ಸವಾರನ ಅಂತಸ್ತು ತಿಳಿಯುತ್ತಿತ್ತು. ಮರವನ್ನು ಕಡಿದ ಬಳಿಕ ಬುಡದ ಗುಂಡಿಯಲ್ಲಿ ಮೀನನ್ನಿಟ್ಟು ಪ್ರಾರ್ಥಿಸಿ, ಕಲ್ಲಿನ ಬಾಚಿಯಿಂದ ದಿಮ್ಮಿಯನ್ನು ಒರಟಾಗಿ ಕೆತ್ತಿ, ಹವಳದ ತುಂಡಿನಿಂದ ಉಜ್ಜಿ ನಯಗೊಳಿಸಿ, ಕೊನೆಗೆ ಕುಕುಯಿ ಕಾಯಿಯ ಎಣ್ಣೆ ಸವರುತ್ತಿದ್ದರು.

1820ರಲ್ಲಿ ಬಂದ ಪಾದ್ರಿಗಳೇ ಈ ಕ್ರೀಡೆಯನ್ನು ಅಳಿಸಿದರೆಂದು ಹೇಳುವುದು ವಾಡಿಕೆ. ನನಗೆ ಅದು ಅರ್ಧಸತ್ಯವೆನಿಸುತ್ತದೆ. ಹೊರಗಿನಿಂದ ಬಂದ ರೋಗಗಳು ಜನರನ್ನೇ ಅಳಿಸುತ್ತಿದ್ದಾಗ ಕೆತ್ತುವ ಕೈಗಳೆಲ್ಲಿ ಉಳಿದಾವು? ಆದರೂ ವಿದ್ಯೆ ಪೂರ್ತಿಯಾಗಿ ನಶಿಸಲಿಲ್ಲ. ಹೊನೊಲುಲುವಿನ ಬಿಷಪ್ ವಸ್ತುಸಂಗ್ರಹಾಲಯದಲ್ಲಿದ್ದ ಹಳೆಯ ಓಲೋ ಹಲಗೆಗಳನ್ನು 1920ರ ದಶಕದಲ್ಲಿ ಟಾಮ್ ಬ್ಲೇಕ್ ಎಂಬ ಅಮೆರಿಕನ್ನನು ದುರಸ್ತಿ ಮಾಡಿ, ಅವುಗಳ ರೂಪವನ್ನು ಅನುಸರಿಸಿ ಒಳಗೆ ಪೊಳ್ಳಾದ ಹಗುರ ಹಲಗೆಯನ್ನು ರಚಿಸಿ, 1932ರಲ್ಲಿ ಪೇಟೆಂಟ್ ಪಡೆದನು.

ನನಗೆ ಬಹಳ ಪ್ರಿಯವಾದ ಪ್ರಸಂಗ 1937ರದು. ಹೊನೊಲುಲುವಿನ ಜಾನ್ ಕೆಲ್ಲಿ, ಫ್ರಾನ್ ಹೀತ್, ವಾಲಿ ಫ್ರಾಯ್ಸೆತ್ ಎಂಬ ಯುವಕರ ರೆಡ್‌ವುಡ್ ಹಲಗೆಗಳು ಕಡಿದಾದ ಅಲೆಯಲ್ಲಿ ಹಿಂಬದಿಯಿಂದ ಅಡ್ಡಡ್ಡ ಜಾರುತ್ತಿದ್ದವು. ಬಾಲದ ಅಗಲವೇ ತೊಡಕೆಂದು ಊಹಿಸಿ, ಕೆಲ್ಲಿಯು ಹೀತ್‌ನ ಹಲಗೆಯ ಬಾಲಕ್ಕೆ ಕೊಡಲಿಯನ್ನೇ ಎತ್ತಿದನು! ಬಾಲ ಕಿರಿದಾಯಿತು, ಹಲಗೆ ಅಲೆಯನ್ನು ಕಚ್ಚಿ ನಿಂತಿತು. ಅದಕ್ಕೆ 'ಹಾಟ್ ಕರ್ಲ್' ಎಂಬ ಹೆಸರು ಬಂದಿತು. ಗೆಳೆಯನ ಹಲಗೆಯ ಮೇಲೆ ಕೊಡಲಿಯೆತ್ತಲು ಎಂಥ ಧೈರ್ಯ ಬೇಕು, ಯೋಚಿಸಿ.

1950ರ ದಶಕದ ಕೊನೆಗೆ ಹೋಬಿ ಆಲ್ಟರ್ ಮತ್ತು ಗಾರ್ಡನ್ ಕ್ಲಾರ್ಕ್ ಕ್ಯಾಲಿಫೋರ್ನಿಯಾದಲ್ಲಿ ಪಾಲಿಯುರಿಥೇನ್ ನೊರೆಯ ಅಚ್ಚುದಿಮ್ಮಿಯನ್ನು ರೂಢಿಗೆ ತಂದರು. ಅದನ್ನು 'ಬ್ಲ್ಯಾಂಕ್' ಎನ್ನುತ್ತಾರೆ. ನಡುವೆ ಬಲಕ್ಕಾಗಿ ಉದ್ದಕ್ಕೂ ಮರದ ಪಟ್ಟಿ. ಗಣಿತ ಕಲಿತವರಿಗೆ ಇಲ್ಲಿ ಸಂತೋಷವಿದೆ. ಕುಶಲಕರ್ಮಿಯ ಬಳಿ ಇರುವುದು ತೆಳು ಪ್ಲೈವುಡ್ಡಿನ ಅರ್ಧ ಆಕೃತಿ ಮಾತ್ರ. ಅದನ್ನು ನಡುಪಟ್ಟಿಗೆ ಸೇರಿಸಿ ಒಂದು ಬದಿಯ ಗೆರೆ ಎಳೆದು, ಮಗುಚಿಟ್ಟು ಇನ್ನೊಂದು ಬದಿಯನ್ನು ಎಳೆಯುತ್ತಾನೆ. ನಾವು ಕಾಗದ ಮಡಿಸಿ ಕಲಿತ ಸಮಮಿತಿಯೇ ಇದು. ಅಗಲವನ್ನು ಮೂರು ಕಡೆ ಪರೀಕ್ಷಿಸುತ್ತಾನೆ: ಅತಿ ಅಗಲವಾದೆಡೆ, ಮೂತಿಯಿಂದ 12 ಅಂಗುಲ ಒಳಗೆ, ಬಾಲದಿಂದ 12 ಅಂಗುಲ ಒಳಗೆ.

ಆಮೇಲೆ ಕೈಗರಗಸ. ಗೆರೆಯ ಮೇಲೆಯೇ ಕೊಯ್ಯುವುದಿಲ್ಲ, ಕೂದಲೆಳೆಯಷ್ಟು ಹೊರಗೆ. ಗರಗಸದ ಅಲಗು ಲಂಬವಾಗಿರಲೇಬೇಕು. ವಾಲಿದರೆ ಮೇಲ್ಮೈಯ ಆಕಾರ ಒಂದು, ತಳದ ಆಕಾರ ಇನ್ನೊಂದು. ಕೊಯ್ದುಹೋದುದನ್ನು ಮರಳಿ ಅಂಟಿಸಲಾಗದು. ಉಳಿದ ಉಬ್ಬುತಗ್ಗುಗಳನ್ನು ಉದ್ದನೆಯ ಎಳೆತದಲ್ಲಿ ಉಜ್ಜಿ ಸರಿಪಡಿಸುತ್ತಾರೆ. ಎರಡು ಅಂಗೈಗಳನ್ನೂ ಎರಡು ಅಂಚಿನ ಮೇಲೆ ಒಟ್ಟಿಗೆ ಸವರಿದರೆ, ಕಣ್ಣು ತಪ್ಪಿಸಿಕೊಂಡ ಉಬ್ಬು ಕೈಗೆ ಸಿಗುತ್ತದಂತೆ.

2005ರ ಡಿಸೆಂಬರ್ 5ರಂದು ಕ್ಲಾರ್ಕ್ ಯಾವ ಮುನ್ಸೂಚನೆಯೂ ಇಲ್ಲದೆ ತನ್ನ ಕಾರ್ಖಾನೆಯನ್ನು ಮುಚ್ಚಿದನು. ಅಮೆರಿಕದ ಬಹುಪಾಲು ಅಚ್ಚುದಿಮ್ಮಿಗಳು ಅಲ್ಲಿಂದಲೇ ಬರುತ್ತಿದ್ದುದರಿಂದ ಸಣ್ಣ ಕುಶಲಕರ್ಮಿಗಳು ರಾತ್ರೋರಾತ್ರಿ ಕಂಗಾಲಾದರು. ಆ ತೆರವಿನಲ್ಲಿ ಬೇರೆ ನೊರೆಗಳು, ಬೇರೆ ತಯಾರಕರು ಬಂದರು. ಗಣಕಯಂತ್ರದ ಆಜ್ಞೆಯಂತೆ ಕೊಯ್ಯುವ ಯಂತ್ರಗಳೂ ಇಂದು ಸಾಮಾನ್ಯ. ಆದರೆ ಯಂತ್ರ ಕೊಯ್ದು ಬಿಟ್ಟ ಸಣ್ಣ ಸಾಲುಗಳನ್ನು ನಯಗೊಳಿಸಲು ಈಗಲೂ ಮನುಷ್ಯನ ಕೈಯೇ ಬೇಕು. ಆ ಕೆಲಸದ ಕೋಣೆಯಲ್ಲಿ ದೀಪಗಳನ್ನು ಮೇಲೆ ತೂಗುಹಾಕುವುದಿಲ್ಲ. ಗೋಡೆಯ ಪಕ್ಕದಲ್ಲಿ, ಹಲಗೆಯ ಮಟ್ಟಕ್ಕೆ ಇಡುತ್ತಾರೆ, ಅಂಚಿನ ಚಿಕ್ಕ ಉಬ್ಬಿಗೂ ನೆರಳು ಬೀಳಲೆಂದು.