ಗಣಿ ಎಂಜಿನಿಯರಿಂಗ್ ಹುಡುಗಿಯರಿಗಲ್ಲವೇ? ಇಲ್ಲಿದೆ ವಾಸ್ತವ

ಸೀಟು ಆಯ್ಕೆಯ ಹೊತ್ತಿಗೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಸುತ್ತುತ್ತದೆ: ‘ಹುಡುಗಿಯರು ಗಣಿಯೊಳಗೆ ಇಳಿಯುವಂತಿಲ್ಲ, ಮೈನಿಂಗ್ ಓದಿ ಪ್ರಯೋಜನವಿಲ್ಲ.’ ಇದು ನಿಜವೇ? ನೋಡೋಣ.

ಅರ್ಧ ಮಾತ್ರ, ಅದೂ ಹಿಂದೆ. 1952ರ ಗಣಿ ಕಾಯ್ದೆಯ 46ನೇ ಸೆಕ್ಷನ್ ಮಹಿಳೆಯರನ್ನು ನೆಲದಡಿಯ ಕೆಲಸಕ್ಕೆ ನೇಮಿಸಬಾರದು ಎಂದಿತ್ತು. ಚಿತ್ರದುರ್ಗದ ಇಂಗಳದಾಳ್ ತಾಮ್ರದ ಗಣಿಯಂಥ ಭೂಗತ ಗಣಿಗಳಿಗೆ ಇದು ಅನ್ವಯಿಸುತ್ತಿತ್ತು. ಹೊಳಲ್ಕೆರೆ, ಹೊಸದುರ್ಗ ಕಡೆಯ ತೆರೆದ ಅದಿರು ಗಣಿಗಳಲ್ಲಿ ಹಗಲು ಕೆಲಸಕ್ಕೆ ಆಗಲೂ ಅಡ್ಡಿ ಇರಲಿಲ್ಲ.

2019ರಲ್ಲಿ ಕೇಂದ್ರ ಸರ್ಕಾರ ವಿನಾಯಿತಿ ನೀಡಿತು. ತಾಂತ್ರಿಕ, ಮೇಲ್ವಿಚಾರಣೆ ಮತ್ತು ಆಡಳಿತದ ಹುದ್ದೆಗಳಲ್ಲಿರುವ ಮಹಿಳೆಯರು ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ಭೂಗತ ಗಣಿಯಲ್ಲೂ ಕೆಲಸ ಮಾಡಬಹುದಾಯಿತು. ಆ ವಿನಾಯಿತಿಯಂತೆ ಅವರ ಲಿಖಿತ ಒಪ್ಪಿಗೆ ಬೇಕಿತ್ತು. ಒಂದು ಪಾಳಿಯಲ್ಲಿ ಕನಿಷ್ಠ ಮೂವರು ಮಹಿಳೆಯರು ಇರಬೇಕಿತ್ತು. ಎಂಜಿನಿಯರಿಂಗ್ ಪದವೀಧರರು ಸೇರುವುದು ಇಂಥ ಹುದ್ದೆಗಳಿಗೇ.

ಓದುವುದೆಲ್ಲಿ? ಧನಬಾದ್‌ನಲ್ಲಿ 1926ರಲ್ಲಿ ಗಣಿಗಾರಿಕೆ ಮತ್ತು ಭೂವಿಜ್ಞಾನ ಕಲಿಸಲು ಶುರುವಾದ ಇಂಡಿಯನ್ ಸ್ಕೂಲ್ ಆಫ್ ಮೈನ್ಸ್ 2016ರಲ್ಲಿ ಐಐಟಿಯಾಯಿತು. ಈಗ ಅಲ್ಲಿ ಕಂಪ್ಯೂಟರ್ ಸೈನ್ಸ್ ಕೂಡ ಇದೆ. ಪ್ರವೇಶಕ್ಕೆ ಜೆಇಇ ಅಡ್ವಾನ್ಸ್‌ಡ್ ಬರೆಯಬೇಕು. ನಮ್ಮದೇ ರಾಜ್ಯದ ಸುರತ್ಕಲ್ ಎನ್‌ಐಟಿಕೆಯಲ್ಲೂ ಮೈನಿಂಗ್ ಮತ್ತು ಮೆಟಲರ್ಜಿ ವಿಭಾಗಗಳಿವೆ. ಅಲ್ಲಿಗೆ ಜೆಇಇ ಮೇನ್ ಸಾಕು. ಮೆಟಲರ್ಜಿ ಅಂದರೆ ಲೋಹಶಾಸ್ತ್ರ. ಅದರ ಕೆಲಸ ಹೆಚ್ಚಾಗಿ ಕಾರ್ಖಾನೆ, ಪ್ರಯೋಗಾಲಯಗಳಲ್ಲಿ. ಸುರಂಗಕ್ಕೂ ಅದಕ್ಕೂ ನಂಟು ಕಡಿಮೆ.

ನಮ್ಮ ತೀರ್ಮಾನ: ಸಂದೇಶ ಹಳೆಯ ಕಾನೂನಿನದು, ಇಂದಿಗೆ ತಪ್ಪು. ಅದನ್ನು ನಂಬಿ ಹಿರಿಯೂರಿನ ಹುಡುಗಿಯೊಬ್ಬಳು ಕೈಗೆ ಬಂದ ಸೀಟು ಬಿಟ್ಟರೆ ಮತ್ತೆ ಸಿಗುವುದಿಲ್ಲ. ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ.