ತುಂಗಭದ್ರೆಯ ನೀರಲ್ಲಿ ದೋಣಿ ಸಾಗಿದ ಕಾಲುವೆ

ಶಿವಮೊಗ್ಗದ ನಡುವೆ ಹಾದುಹೋಗುವ ತುಂಗಾ ಕಾಲುವೆಯನ್ನೂ ಭದ್ರಾವತಿ ಸೀಮೆಯ ಭದ್ರಾ ನಾಲೆಯನ್ನೂ ನಾವು ಗದ್ದೆಗೆ ನೀರುಣಿಸುವ ದಾರಿಯೆಂದಷ್ಟೇ ಬಲ್ಲೆವು. ಅವುಗಳಲ್ಲಿ ದೋಣಿ ಏರಿ ಊರಿಂದೂರಿಗೆ ಹೋಗಬಹುದೆಂದರೆ ನಗುತ್ತೇವೆ. ಆದರೆ ಈ ಎರಡು ನದಿಗಳು ಕೂಡಲಿಯಲ್ಲಿ ಒಂದಾಗಿ, ಬಹುದೂರ ಹರಿದು ಕರ್ನೂಲು ಸಮೀಪದ ಸುಂಕೇಸುಲ ಮುಟ್ಟಿದಾಗ ಅವುಗಳ ನೀರಿಗೆ ಆ ಕೆಲಸವೂ ಒಮ್ಮೆ ಬಿದ್ದಿತ್ತು.

1860ರ ದಶಕದಲ್ಲಿ ಮದ್ರಾಸಿನ ನೀರಾವರಿ ಕಂಪನಿಯೊಂದು ಅಲ್ಲಿ ಅಣೆಕಟ್ಟು ಕಟ್ಟಿ, ಕಡಪದವರೆಗೆ ಸುಮಾರು 300 ಕಿ.ಮೀ. ಕಾಲುವೆ ತೋಡಿತು. ಬೇಸಾಯ, ದೋಣಿ ಸಂಚಾರ ಎರಡೂ ಅದರ ಗುರಿ. ರೈಲಿಗಿಂತ ದೋಣಿಯೇ ಅಗ್ಗ ಎಂಬುದು ಇಂಜಿನಿಯರ್ ಆರ್ಥರ್ ಕಾಟನ್ ಹಿಡಿದ ಪಟ್ಟು. ಕರ್ನೂಲಿನಲ್ಲಿ ಈ ಕಾಲುವೆ ಹಂದ್ರಿ ಹೊಳೆಯನ್ನು ಮೇಲ್ಗಾಲುವೆಯಲ್ಲಿ ದಾಟುತ್ತದೆ. ಕೆಳಗೆ ಹೊಳೆ, ಮೇಲೆ ದೋಣಿ!

ಲೆಕ್ಕ ಮಾತ್ರ ಕೂಡಿಬರಲಿಲ್ಲ. ಕಂಪನಿಯ 10 ಲಕ್ಷ ಪೌಂಡ್ ಬಂಡವಾಳಕ್ಕೆ ಸರಕಾರ ಶೇ. 5ರ ಬಡ್ಡಿಯ ಖಾತರಿ ಕೊಟ್ಟಿತ್ತು. ದೋಣಿ ತುಂಬಲಿ ಬಿಡಲಿ, ಇಂಗ್ಲೆಂಡಿನ ಪಾಲುದಾರನಿಗೆ ಚಿಂತೆಯಿಲ್ಲ. ತೆರಬೇಕಾದವನು ಇಲ್ಲಿನ ಕಂದಾಯಗಾರ. ಎರೆಹೊಲದಲ್ಲಿ ಜೋಳ ಬೆಳೆಯುವ ರೈತ ದುಡ್ಡು ಕೊಟ್ಟು ನೀರು ಪಡೆಯಲು ಹಿಂಜರಿದ. ಅವನದು ದಡ್ಡತನವೆಂದು ನಮಗನಿಸುವುದಿಲ್ಲ, ಮಳೆ ಬಂದರೆ ಆ ಹೊಲಕ್ಕೆ ಕಾಲುವೆ ಬೇಕಿರಲಿಲ್ಲ. 1876-78ರ ಬರದಲ್ಲಿ ಅದೇ ನೀರಿಗೆ ಜನ ಮುಗಿಬಿದ್ದರು. 1882ರಲ್ಲಿ ಸರಕಾರವೇ ಕಾಲುವೆಯನ್ನು ಕೊಂಡಿತು. ರೈಲಿನೆದುರು ದೋಣಿ ಸಂಚಾರ ಮುಂದಿನ ಶತಮಾನದ ಮೊದಲರ್ಧದಲ್ಲೇ ನಿಂತಿತು.

ನಮ್ಮ ಶಿವಮೊಗ್ಗಕ್ಕೆ 19ನೇ ಶತಮಾನ ಮುಗಿಯುವ ಹೊತ್ತಿಗೆ ರೈಲು ಬಂದಿತ್ತು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಶುರುಮಾಡಿದಾಗ ಅದಿರು, ಸೌದೆ ಬಂದದ್ದು ಹಳಿಗಳ ಮೇಲೆ. ಗಾಜನೂರು, ಲಕ್ಕವಳ್ಳಿಯ ನಾಲೆಗಳು ಹುಟ್ಟುವಷ್ಟರಲ್ಲಿ ದೋಣಿಯ ಮಾತನ್ನೇ ಯಾರೂ ಎತ್ತುತ್ತಿರಲಿಲ್ಲ.